ಮೇಲಿನ ಒಂದಿಂಚು

ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ಅವರ ಕಿಟಕಿಯ ಮೇಲಿನ ಸಜ್ಜಾ ನೋಡುವ ಚಾಳಿ ನನಗಿದೆ. ಅವರು ‘ಬನ್ನಿ, ಒಳಗೆ ಬನ್ನಿ’ ಎನ್ನುತ್ತಿರುತ್ತಾರೆ. ನಾನು ಗೇಟಿನ ಬಳಿಯೇ ನಿಂತು ಕತ್ತೆತ್ತಿ ಆ ಕಾಂಕ್ರೀಟು ಚಾಚಿನ ಅಡಿಭಾಗವನ್ನು ದಿಟ್ಟಿಸುತ್ತಿರುತ್ತೇನೆ. ಜೇನು ಕಟ್ಟಿದೆಯೇನೋ ಎಂದು ಗಾಬರಿಯಾಗಿ ಅವರೂ ಹೊರಗೆ ಬಂದು ಕತ್ತೆತ್ತುತ್ತಾರೆ. ಹೀಗೆ ಒಮ್ಮೆ ಭಾವನ ಮಗನಿಗೆ ಹೆಣ್ಣು ನೋಡಲು ಹೋದಾಗ ಎರಡೂ ಕಡೆಯ ಹಿರಿಯರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ಮೇಲೆ ನೋಡುತ್ತಿದ್ದೆವು. ಹುಡುಗಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಮದುವೆಯೇನೋ ಸಾಂಗವಾಗಿ ನಡೆಯಿತು. ಆದರೆ ಸಜ್ಜಾದ ಅಡಿಯ ಕಂದು ಗೆರೆಯ ಬಗ್ಗೆ ನಾನಂದು ಆಡಿದ ಮಾತನ್ನು ಬೀಗರು ಇವತ್ತಿಗೂ ಮರೆತಿಲ್ಲ; ಗೆರೆಯನ್ನು ಸರಿಪಡಿಸಿಯೂ ಇಲ್ಲ.

ಮನೆ ಕಟ್ಟಿದವರ ತಾಳ್ಮೆ ಎಲ್ಲಿ ಮುಗಿಯಿತು ಎಂಬುದು ಸಜ್ಜಾದಲ್ಲಿ ಗೊತ್ತಾಗುತ್ತದೆ. ಪಾಯ ಹಾಕುವಾಗ ಮನೆಯ ಯಜಮಾನ ಹಗಲೂ ರಾತ್ರಿ ಅಲ್ಲೇ ಇರುತ್ತಾನೆ, ಮಾಡಿನ ಮೋಲ್ಡಿಂಗಿನ ದಿನ ನೆಂಟರಿಷ್ಟರೆಲ್ಲ ಬಂದು ಹೋಳಿಗೆ ತಿಂದು ಹೋಗುತ್ತಾರೆ. ಸಜ್ಜಾ ಹಾಕುವ ದಿನ ಮಾತ್ರ ಯಾರೂ ಇರುವುದಿಲ್ಲ. ಅದೊಂದು ಮೂರಿಂಚಿನ ಹಲಗೆ. ಗೋಡೆಯಿಂದ ಹೊರಗೆ ಚಾಚಿಕೊಂಡದ್ದರಿಂದ ಅದರ ಕಂಬಿ ಮೇಲ್ಭಾಗದಲ್ಲಿರಬೇಕು. ಕಟ್ಟುವಾಗ ಮೇಲೆಯೇ ಕಟ್ಟಿರುತ್ತಾರೆ. ಆಮೇಲೆ ಬಾಂಡ್ಲಿ ಹೊತ್ತವರು ಆ ಕಂಬಿಯ ಮೇಲೆಯೇ ಓಡಾಡಿ ಅದನ್ನು ತಳಕ್ಕೆ ತುಳಿದುಬಿಡುತ್ತಾರೆ. ಮೇಲಿರಬೇಕಾದದ್ದು ಕೆಳಗಿಳಿದರೆ ಆಗುವುದು ಎರಡು ಅನಾಹುತ: ಗೋಡೆಯಂಚಿನಲ್ಲಿ ಮೇಲುಗಡೆ ಬಿರುಕು, ಅಡಿಯಲ್ಲಿ ತುಕ್ಕು. ಕೆಲವು ವರ್ಷ ಕಳೆದ ಮೇಲೆ ಮಳೆಗಾಲದ ಒಂದು ಮಧ್ಯಾಹ್ನ, ಅಡಿಭಾಗ ಹಕ್ಕಳೆ ಹಕ್ಕಳೆಯಾಗಿ ತುಳಸಿಕಟ್ಟೆಯ ಪಕ್ಕ ಬೀಳುತ್ತದೆ. ಯಾರಿಗೂ ಪೆಟ್ಟಾಗದಿದ್ದರೆ ‘ದೇವರು ದೊಡ್ಡವನು’ ಎಂದು ಗುಡಿಸಿ ಹಾಕುತ್ತಾರೆ.

ನಾವು ಕಾಂಕ್ರೀಟನ್ನು ಹೀಗೆ ನಂಬಿ ಕೆಟ್ಟದ್ದಕ್ಕೆ ಕಾರಣವಿದೆ. ನಮ್ಮ ಮಲೆನಾಡಿನ ಕಡೆ ಹಂಚಿನ ಮನೆಯೆಂದರೆ ವರ್ಷವರ್ಷದ ಉಪಚಾರ. ಮೇ ತಿಂಗಳು ಬಂತೆಂದರೆ ಹಂಚು ಕೈಯಾಡಿಸಬೇಕು, ಒಡೆದದ್ದನ್ನು ತೆಗೆಯಬೇಕು, ಮಂಗಗಳು ಕುಣಿದು ಸರಿಸಿದ್ದನ್ನು ಮತ್ತೆ ಕೂರಿಸಬೇಕು, ರೀಪು ಪಕಾಸಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಈ ಕೆಲಸಕ್ಕೆ ಬರುವ ಆಳು ಊರಿಗೆಲ್ಲ ಒಬ್ಬನೇ, ಮಳೆ ಎಲ್ಲರಿಗೂ ಒಂದೇ ದಿನ. ಇಂಥ ಹೊತ್ತಿನಲ್ಲಿ ಪೇಟೆಯಿಂದ ‘ಆರ್‌ಸಿಸಿ ಮನೆ’ ಎಂಬ ಸುದ್ದಿ ಬಂತು. ಒಮ್ಮೆ ಹಾಕಿದರೆ ಮುಗಿಯಿತು. ಮಂಗ ಕುಣಿಯಲಿ, ತೆಂಗಿನಕಾಯಿ ಬೀಳಲಿ, ಅದು ಕಲ್ಲು ಎಂದರು. ಹೆಣ್ಣು ಕೊಡುವವರು ‘ಹುಡುಗನದು ತಾರಸಿ ಮನೆಯಾ?’ ಎಂದು ಕೇಳುವ ಕಾಲ ಬಂತು. ತಾರಸಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವುದು ಒಂದು ಅಂತಸ್ತಾಯಿತು.

ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಯಾವ ಬೀದಿಯಲ್ಲಾದರೂ ನಿಂತು ನೋಡಿ. ಮುಕ್ಕಾಲುಪಾಲು ತಾರಸಿಗಳ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಬಣ್ಣದ ಶೀಟು ಹೊದಿಸಿದ್ದಾರೆ. ಮಾಡಿನ ಮೇಲೊಂದು ಮಾಡು. ಮಳೆಯಿಂದ ಮನೆ ಕಾಯಲಿ ಎಂದು ತಾರಸಿ ಹಾಕಿದೆವು, ಮಳೆಯಿಂದ ತಾರಸಿ ಕಾಯಲಿ ಎಂದು ಶೀಟು ಹಾಕಿದೆವು. ಇದನ್ನು ನೋಡಿ ವಾಸ್ತುಶಿಲ್ಪಿಗಳು ಮೂಗು ಮುರಿಯುತ್ತಾರೆ. ನನಗೇನೋ ಇದು ಪ್ರಾಮಾಣಿಕ ಪರಿಹಾರವೆಂದೇ ಅನ್ನಿಸುತ್ತದೆ. ತಾರಸಿಗೆ ವರ್ಷಕ್ಕೊಂದು ಡಬ್ಬ ವಾಟರ್‌ಪ್ರೂಫ್ ಬಣ್ಣ ಬಳಿದು, ಅದು ಪಾಚಿಯ ಜೊತೆ ಎದ್ದು ಬರುವುದನ್ನು ನೋಡುತ್ತ ಕೂರುವುದಕ್ಕಿಂತ ಇದು ಮೇಲು. ನೀರು ತಾಗದ ಕಾಂಕ್ರೀಟು ಬಹುಕಾಲ ಸುಖವಾಗಿರುತ್ತದೆ. ಶೀಟಿನ ಕೆಳಗೆ ಬಟ್ಟೆಯೂ ಒಣಗುತ್ತದೆ, ಅಡಿಕೆಯೂ ಉಳಿಯುತ್ತದೆ.

ಕಾಂಕ್ರೀಟಿಗೆ ಕಲ್ಲಿನ ಆಯುಷ್ಯವೆಂಬ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ರೋಮಿನ ಪ್ಯಾಂಥಿಯನ್ ದೇವಾಲಯದ ಗುಮ್ಮಟ 43 ಮೀಟರ್ ಅಗಲದ್ದು. ಸುಮಾರು 1900 ವರ್ಷದಿಂದ ನಿಂತಿದೆ, ಅದೂ ನಡುನೆತ್ತಿಯಲ್ಲಿ ಒಂದು ದೊಡ್ಡ ತೂತನ್ನು ಮಳೆಗೆ ತೆರೆದಿಟ್ಟುಕೊಂಡು. ಅದರ ಗುಟ್ಟುಗಳಲ್ಲಿ ಒಂದು ತೀರ ಸರಳ: ಒಳಗೆ ಕಬ್ಬಿಣದ ಕಂಬಿಯಿಲ್ಲ. ನಮ್ಮ ಕನ್ನಂಬಾಡಿ ಕಟ್ಟೆಯೂ ಸಿಮೆಂಟಿನದಲ್ಲ. 1911ರಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರ ಕೈಗೆ ಒದಗಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲೇ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದಿದ್ದ. ಅದರೊಳಗೆ ಕಬ್ಬಿಣ ಹೂಳಿ ಪ್ರಸಿದ್ಧನಾದವನು ಫ್ರಾನ್ಸಿನ ಒಬ್ಬ ತೋಟಗಾರ, ಜೋಸೆಫ್ ಮೋನಿಯೆ. ಹೂವಿನ ಕುಂಡಗಳು ಒಡೆಯುತ್ತವೆ ಎಂಬ ಬೇಸರಕ್ಕೆ ಸಿಮೆಂಟಿನೊಳಗೆ ತಂತಿಯ ಬಲೆಯಿಟ್ಟು 1867ರಲ್ಲಿ ಪೇಟೆಂಟ್ ಮಾಡಿಸಿದ. ಇಂದು ನಮ್ಮ ತಲೆಯ ಮೇಲಿರುವುದೆಲ್ಲ ಆ ಹೂಕುಂಡದ ವಂಶವೇ. ಕಂಬಿ ಬಂದದ್ದರಿಂದ ಮಹಡಿಗಳೆದ್ದವು, ಸೇತುವೆಗಳು ನದಿ ದಾಟಿದವು. ತುಕ್ಕೂ ಅದರ ಹಿಂದೆಯೇ ಒಳಗೆ ಬಂತು.

ಕಬ್ಬಿಣ ತುಕ್ಕು ಹಿಡಿದರೆ ಸವೆಯುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದು ಊದುತ್ತದೆ ಕೂಡ. ಹಿಂದಿದ್ದ ಗಾತ್ರದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟಿನೊಳಗೆ ಆ ಜಾಗ ಎಲ್ಲಿಂದ ಬರಬೇಕು? ಹೊರಗಿನ ಪದರವನ್ನು ದೂಡಿ ಒಡೆಯುತ್ತದೆ. ಮೊದಲು ಕಂಬಿಯ ಗುಂಟ ಕೂದಲೆಳೆಯ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ಹಕ್ಕಳೆ. ಕಂಬಿ ಹೀಗೆ ಕೆಡದಂತೆ ಕಾಯಬೇಕಾದದ್ದು ಅದರ ಮೇಲೆ ಹೊದ್ದುಕೊಂಡ ಒಂದಿಂಚಿನ ಆಸುಪಾಸಿನ ಕಾಂಕ್ರೀಟು. ಅದನ್ನು ಎಂಜಿನಿಯರುಗಳು ‘ಕವರ್’ ಎನ್ನುತ್ತಾರೆ. ಮನೆಗೆ ಇಪ್ಪತ್ತು ಮೂವತ್ತು ಲಕ್ಷ ಸುರಿಯುವ ನಾವು ಅತಿ ಕಡಿಮೆ ಗಮನ ಕೊಡುವುದು ಈ ಮೇಲಿನ ಒಂದಿಂಚಿಗೆ.

ಗಮನ ಕೊಡದಿರುವುದೂ ಒಂದು ಮಾತು. ನಾವು ಮಾಡುವುದು ತಿರುವುಮುರುವು. ಕಾಂಕ್ರೀಟಿಗೆ ಕಲಸುವಾಗ ನೀರು ಕಡಿಮೆಯಿರಬೇಕು, ಹಾಕಿದ ಮೇಲೆ ಹೇರಳವಾಗಿರಬೇಕು. ನಾವು ಕಲಸುವಾಗ ಹೇರಳವಾಗಿ ಸುರಿದು, ಹಾಕಿದ ಮೇಲೆ ಕೈ ಹಿಡಿಯುತ್ತೇವೆ.

ಲೆಕ್ಕ ಇಷ್ಟೇ. 50 ಕಿಲೋದ ಒಂದು ಮೂಟೆ ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ಹನ್ನೆರಡು ಲೀಟರಿಗಿಂತ ಹೆಚ್ಚು ನೀರು ಬೇಕಿಲ್ಲ. ಕಲಸಲು, ಸುರಿಯಲು, ಕಂಬಿಯ ಸಂದುಗೊಂದಿಗೆ ಇಳಿಸಲು ಅನುಕೂಲವಾಗಲೆಂದು 25 ಲೀಟರಿನವರೆಗೆ ಹಾಕುತ್ತಾರೆ. ಅದಕ್ಕಿಂತ ಮೇಲೆ ಹಾಕಿದ ಪ್ರತಿ ಚೊಂಬು ನೀರೂ ಮುಂದೆಂದೋ ಆವಿಯಾಗಿ ಹೋಗುವಾಗ ತಾನಿದ್ದ ಜಾಗವನ್ನು ಖಾಲಿ ಬಿಟ್ಟು ಹೋಗುತ್ತದೆ. ಆ ಕಣ್ಣಿಗೆ ಕಾಣದ ಖಾಲಿ ಓಣಿಗಳಲ್ಲೇ ಮಳೆನೀರು, ಗಾಳಿ, ಉಪ್ಪು ಎಲ್ಲವೂ ಮರಳಿ ಬರುತ್ತವೆ. ಮರಳು ಮೊದಲೇ ಒದ್ದೆಯಿದ್ದರೆ ಆ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ರಾತ್ರಿ ಮಳೆ ಹೊಡೆದ ಮರಳ ರಾಶಿಯನ್ನು ಯಾರು ತೂಗಿ ನೋಡುತ್ತಾರೆ?

ಮೋಲ್ಡಿಂಗಿನ ದಿನ ಮಿಕ್ಸರ್ ಬಳಿ ನಿಂತವನಿಗೆ ಲೀಟರು ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ಬಣ್ಣದ ಹಳೆ ಬಕೆಟ್ಟು. ‘ಇಷ್ಟು ನೀರೇಕಪ್ಪಾ?’ ಎಂದರೆ ಮೇಸ್ತ್ರಿ ನಗುತ್ತಾನೆ. ‘ಸಾರ್, ಬಿಗಿ ಇದ್ರೆ ಕಂಬಿ ಸಂದೀಲಿ ಇಳಿಯಲ್ಲ. ಆಮೇಲೆ ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡು ಕಾಣಿಸ್ತದೆ, ನೀವೇ ನನ್ನ ಬೈತೀರಿ.’ ಅವನ ಮಾತಿನಲ್ಲಿ ನ್ಯಾಯವಿದೆ. ಜಲ್ಲಿ ಜಲ್ಲಿಯಾಗಿ ಪೊಳ್ಳು ಬಿಟ್ಟ ಕಾಂಕ್ರೀಟು ಅತಿ ತೆಳುವಾದದ್ದಕ್ಕಿಂತ ಒಳ್ಳೆಯದೇನಲ್ಲ. ಆದರೆ ಬಿಗಿ ಕಾಂಕ್ರೀಟು ಇಳಿಯಲೆಂದೇ ವೈಬ್ರೇಟರು ಇದೆ, ಮೂಟೆಗೆ ಇಷ್ಟು ಮಿಲಿಲೀಟರ್ ಎಂದು ಬೆರೆಸುವ ಪ್ಲಾಸ್ಟಿಸೈಜರ್ ಇದೆ. ವೈಬ್ರೇಟರಿನ ಬಾಡಿಗೆಯನ್ನು ಯಜಮಾನರು ಉಳಿಸಿರುತ್ತಾರೆ, ಪ್ಲಾಸ್ಟಿಸೈಜರನ್ನು ‘ಕೆಮಿಕಲ್ಲು ಬೇಡ’ ಎಂದು ಯಜಮಾನರ ಮಾವನವರು ತಡೆದಿರುತ್ತಾರೆ. ನೀರಿಗೆ ಮಾತ್ರ ದುಡ್ಡಿಲ್ಲ, ಯಾರ ಆಕ್ಷೇಪಣೆಯೂ ಇಲ್ಲ.

ಹೀಗೆ ನೀರಾಗಿ ಹಾಕಿದ ಕಾಂಕ್ರೀಟಿನಲ್ಲಿ ಜಲ್ಲಿ ತಳಕ್ಕಿಳಿದು ತಿಳಿನೀರು ಮೇಲಕ್ಕೆ ಬರುತ್ತದೆ. ಜೊತೆಗೆ ಸಿಮೆಂಟಿನ ನಯವಾದ ಪುಡಿಯೂ ತೇಲಿ ಬರುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದು ಮೇಲೆ ಕಟ್ಟಿಕೊಳ್ಳುತ್ತದೆ; ಆದರೆ ಹಾಲಿನಲ್ಲಿ ಸತ್ವವೆಲ್ಲ ಕೆನೆಯಲ್ಲಿದ್ದರೆ ಇಲ್ಲಿ ಕೆನೆಯೇ ಸತ್ವಹೀನ. ತಾಳ್ಮೆಯುಳ್ಳ ಮೇಸ್ತ್ರಿ ಆ ನೀರು ತಾನಾಗಿ ಆರುವವರೆಗೆ ಬೀಡಿ ಸೇದುತ್ತ ಕಾಯುತ್ತಾನೆ. ಕಾಂಕ್ರೀಟಿನ ಮಟ್ಟಿಗೆ ಬೀಡಿ ಆರೋಗ್ಯಕರ. ತಾಳ್ಮೆಯಿಲ್ಲದವನು ನೀರು ನಿಂತಿರುವಾಗಲೇ ಒಂದಿಷ್ಟು ಒಣ ಸಿಮೆಂಟು ಉದುರಿಸಿ, ಕರಣೆಯಿಂದ ಗಸಗಸ ಉಜ್ಜಿ ಕನ್ನಡಿ ಮಾಡಿ ಕೊಡುತ್ತಾನೆ. ಯಜಮಾನರು ಬಗ್ಗಿ ಮುಖ ನೋಡಿಕೊಂಡು ಮೆಚ್ಚಿ ಭಕ್ಷೀಸು ಕೊಡುತ್ತಾರೆ. ಆ ಹೊಳಪಿನ ಪದರಕ್ಕೂ ಕೆಳಗಿನದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಮುಂದೆ ಅದರ ಮೇಲೆ ಬಲೆಬಲೆಯಾಗಿ ಸಣ್ಣ ಬಿರುಕು ಮೂಡುತ್ತದೆ, ಇಲ್ಲವೇ ದಿನಾ ಗುಡಿಸಿದಷ್ಟೂ ಬೂದಿಬಣ್ಣದ ಧೂಳು ಏಳುತ್ತಲೇ ಇರುತ್ತದೆ. ಕಾರು ನಿಲ್ಲಿಸುವ ಜಾಗದಲ್ಲಿ ಈ ಧೂಳಿನ ಕಾಟ ಹೆಚ್ಚು. ಕೆಲಸದಾಕೆಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆಕೆ ಗುಡಿಸುತ್ತಿರುವುದು ನೆಲವನ್ನೇ.

ಬಲೆಬಿರುಕಿಗೆ ಹೆದರಬೇಕಾದ್ದಿಲ್ಲ. ಅದರ ಆಳ ಎರಡು ಮೂರು ಮಿಲಿಮೀಟರು, ನೋಡಲು ಅಸಹ್ಯವಷ್ಟೇ. ಧೂಳೇಳುವ ನೆಲವನ್ನು ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ಸೋಡಿಯಂ ಸಿಲಿಕೇಟಿನ ದ್ರಾವಣವನ್ನು ಒಂದೆರಡು ಸಲ ಕುಡಿಸಿದರೆ ಒಂದು ಮಟ್ಟಕ್ಕೆ ಗಟ್ಟಿಯಾಗುತ್ತದೆ. ಕೆನೆ ತೀರ ದಪ್ಪವಾಗಿದ್ದರೆ ಮಾತ್ರ ಅದನ್ನು ಕೆರೆದೇ ತೆಗೆಯಬೇಕು.

ಇನ್ನು ಕ್ಯೂರಿಂಗ್. ಹಳೆಯ ಮೇಸ್ತ್ರಿಗಳು ಇದನ್ನು ‘ನೀರು ಕುಡಿಸೋದು’ ಎನ್ನುತ್ತಾರೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ನಮ್ಮಲ್ಲಿ ತೊಂಬತ್ತು ಪಾಲು ಜನರ ಭಾವನೆ. ನಿಜ ಅದಕ್ಕೆ ವಿರುದ್ಧ: ಅದು ಒಣಗಿದ ಕ್ಷಣ ಗಟ್ಟಿಯಾಗುವುದನ್ನು ನಿಲ್ಲಿಸುತ್ತದೆ. ಒದ್ದೆಯಾಗಿರುವಷ್ಟು ದಿನವೂ ಬಲಿಯುತ್ತ ಹೋಗುತ್ತದೆ. ಐಎಸ್ 456 ಎಂಬ ನಮ್ಮ ದೇಶದ ಕಾಂಕ್ರೀಟು ಸಂಹಿತೆ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಅಥವಾ ಒಣ ಬಿಸಿಲಿನ ಕಾಲಕ್ಕೆ ಕನಿಷ್ಠ 10 ದಿನ ಎನ್ನುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವುದು ಬಹುಪಾಲು ಬೆರೆತದ್ದೇ. ಅದು ನಿಧಾನಿ, ಆದರೆ ನೀರು ಕುಡಿಸಿ ಸಾಕಿದರೆ ಒಳ್ಳೆಯ ಬಿಗಿ ಬರುತ್ತದೆ. ನೀರು ತಪ್ಪಿದರೆ ಒಳಗಿನ ಕಾಂಕ್ರೀಟು ಹೇಗೋ ತನ್ನ ತೇವದಲ್ಲೇ ಬದುಕಿಕೊಳ್ಳುತ್ತದೆ. ಬಾಯಾರಿ ಸಾಯುವುದು ಮತ್ತೆ ಆ ಮೇಲಿನ ಒಂದಿಂಚು.

ತಾರಸಿಗೇನೋ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಕಪ್ಪೆ ವಟಗುಟ್ಟುತ್ತವೆ, ಮಕ್ಕಳು ಕಾಗದದ ದೋಣಿ ಬಿಡುತ್ತಾರೆ, ಎಲ್ಲ ಚೆಂದ. ಕಂಬಕ್ಕೆ, ಸಜ್ಜಾಕ್ಕೆ, ತೊಲೆಯ ಪಕ್ಕಕ್ಕೆ ನೀರು ನಿಲ್ಲುವುದಿಲ್ಲವಲ್ಲ. ಅವಕ್ಕೆ ಗೋಣಿತಾಟು ಸುತ್ತಿ ಆಗಾಗ ತೋಯಿಸಬೇಕು. ಕೆಲಸದ ಜಾಗದ ವಾಚ್‌ಮನ್ ಬೆಳಿಗ್ಗೆ ಹಲ್ಲುಜ್ಜುತ್ತ ಒಂದು ಕೈಯಲ್ಲಿ ಪೈಪು ಹಿಡಿದು ಕಂಬಕ್ಕೆ ನೀರು ಹಾರಿಸಿದನೆಂದರೆ ಆ ದಿನದ ಪೂಜೆ ಮುಗಿಯಿತು. ಒಂಬತ್ತು ಗಂಟೆಗೆ ಕಂಬ ಒಣಗಿ ಬಿಳಿಚಿಕೊಂಡಿರುತ್ತದೆ. ಇದರ ನಡುವೆ ಗೃಹಪ್ರವೇಶದ ಮುಹೂರ್ತ ಬೇರೆ. ‘ಆಷಾಢ ಬರೋದ್ರೊಳಗೆ ಒಕ್ಕಲಾಗಬೇಕು’ ಎಂದು ಜೋಯಿಸರು ಹೇಳಿದರೆಂದರೆ ಸಿಮೆಂಟಿನ ರಸಾಯನಶಾಸ್ತ್ರವೂ ತಲೆಬಾಗಬೇಕು. ಜೋಯಿಸರಿಗೂ ಸಂಹಿತೆಯ ಒಂದು ಪ್ರತಿ ಕೊಟ್ಟರೆ ಕರ್ನಾಟಕದ ಅರ್ಧದಷ್ಟು ಬಿರುಕು ಕಡಿಮೆಯಾಗಬಹುದೆಂದು ನನ್ನ ಅಂದಾಜು.

ಎಲ್ಲಕ್ಕೂ ಮುಹೂರ್ತವನ್ನೇ ದೂರಲಾಗದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿ, ಕಾರು ತೊಳೆಯುವುದಕ್ಕೆ, ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಅಲ್ಲಿ ಮನೆ ಕಟ್ಟಿಸುತ್ತಿದ್ದ ಗೆಳೆಯನೊಬ್ಬ ಟ್ಯಾಂಕರಿನವನ ಫೋನಿಗೆ ಮಗಳ ಗಂಡಿನ ಕಡೆಯವರ ಫೋನಿಗಿಂತ ಹೆಚ್ಚು ಕಾಯುತ್ತಿದ್ದ. ಕೊನೆಗೆ ಅವನು ಮಾಡಿದ್ದು ಬುದ್ಧಿವಂತಿಕೆ: ತೋಯಿಸಿದ ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿಸಿದ. ಹೊಸ ನೀರು ಹೊಡೆಯುವುದಕ್ಕಿಂತ ಇದ್ದ ನೀರನ್ನು ಹೋಗಗೊಡದಿರುವುದು ಅಗ್ಗ. ಮೇಲ್ಮೈಗೆ ಸಿಂಪಡಿಸಿದರೆ ಪೊರೆ ಕಟ್ಟಿ ತೇವ ಹಿಡಿದಿಡುವ ದ್ರವಗಳೂ ಸಿಗುತ್ತವೆ, ರಸ್ತೆ ಕೆಲಸದವರು ಬಳಸುವುದು ಅದನ್ನೇ. ಆದರೆ ಅದರ ಮೇಲೆ ಗಿಲಾವು ಮಾಡುವುದಿದ್ದರೆ ಪೊರೆ ತೆಗೆಯದೆ ಗಾರೆ ಹಿಡಿಯುವುದಿಲ್ಲ.

ಒಳ್ಳೆಯ ಕಾಂಕ್ರೀಟು ಒಂದು ಉಗ್ರ ಕ್ಷಾರ. ಅದರ ಪಿಎಚ್ ಹನ್ನೆರಡೂವರೆ, ಹದಿಮೂರರ ಹತ್ತಿರ. ಆ ಕ್ಷಾರದಲ್ಲಿ ಮುಳುಗಿದ ಕಂಬಿಯ ಮೈಮೇಲೆ ಒಂದು ತೆಳುಪೊರೆ ಕೂತು ತುಕ್ಕನ್ನು ತಡೆಯುತ್ತದೆ. ಹೊರಗಿನ ಗಾಳಿಯ ಇಂಗಾಲದ ಡೈಆಕ್ಸೈಡು ಸಣ್ಣ ಸಣ್ಣ ಓಣಿಗಳಲ್ಲಿ ನುಸುಳಿ ಈ ಕ್ಷಾರವನ್ನು ನಿಧಾನಕ್ಕೆ ಸಾಯಿಸುತ್ತ ಒಳಗೆ ಬರುತ್ತದೆ. ಪಿಎಚ್ ಒಂಬತ್ತಕ್ಕಿಂತ ಕೆಳಗಿಳಿದ ಗಡಿ ಕಂಬಿಯನ್ನು ಮುಟ್ಟಿತೆಂದರೆ ಪೊರೆ ಕರಗುತ್ತದೆ. ಅದರ ನಡಿಗೆಯ ಕ್ರಮ ಸ್ವಾರಸ್ಯದ್ದು: ದೂರ ಎರಡು ಪಟ್ಟಾದರೆ ಹಿಡಿಯುವ ಕಾಲ ನಾಲ್ಕು ಪಟ್ಟು. ಅಂದರೆ 20 ಮಿಲಿಮೀಟರ್ ಇರಬೇಕಾದ ಕವರ್ 10 ಆದರೆ ಆಯುಷ್ಯ ಅರ್ಧವಾಗುವುದಿಲ್ಲ, ಕಾಲಾಗುತ್ತದೆ. ಕಂಬಿಯ ಕೆಳಗೆ ಇಡುವ ಕವರ್ ಬ್ಲಾಕ್ ಎಂಬ ಪುಟ್ಟ ಬಿಲ್ಲೆಯ ಬೆಲೆ ಒಂದು ಬೆಂಕಿಪೊಟ್ಟಣದಷ್ಟೂ ಬೀಳಲಿಕ್ಕಿಲ್ಲ. ಅದನ್ನು ಮರೆತು, ಅಲ್ಲೇ ಬಿದ್ದ ಜಲ್ಲಿ ಚೂರು ಸಿಕ್ಕಿಸಿ, ಅದೂ ಜಾರಿ, ಕಂಬಿ ಹಲಗೆಯ ಮೇಲೆಯೇ ಮಲಗಿಬಿಟ್ಟಿರುತ್ತದೆ. ಸೆಂಟ್ರಿಂಗ್ ಬಿಚ್ಚಿದ ದಿನವೇ ಅಡಿಯಲ್ಲಿ ಕಂಬಿಯ ಗೆರೆ ಕಾಣುವ ಮಾಡುಗಳನ್ನು ನಾನು ಕಂಡಿದ್ದೇನೆ. ಗಿಲಾವು ಮಾಡಿದರೆ ಕಾಣುವುದಿಲ್ಲ ಎನ್ನುತ್ತಾರೆ. ಕಾಣುವುದಿಲ್ಲ, ನಿಜ.

ಕ್ಷಾರ ಎಲ್ಲಿಯವರೆಗೆ ಸತ್ತಿದೆಯೆಂದು ತಿಳಿಯಲು ಎಂಜಿನಿಯರುಗಳು ಕಾಂಕ್ರೀಟಿನ ಚೂರೆಬ್ಬಿಸಿ, ಹೊಸದಾಗಿ ಒಡೆದ ಮೈಮೇಲೆ ಫಿನಾಲ್ಫ್ಥಲೀನ್ ಸಿಂಪಡಿಸುತ್ತಾರೆ. ಪಿಯುಸಿ ಪ್ರಯೋಗಾಲಯದಲ್ಲಿ ಒಂದು ಹನಿ ಹೆಚ್ಚಾಗಿ ಗುಲಾಬಿಯಾಗಿ ನಮ್ಮ ಮಾರ್ಕು ತಿಂದ ಅದೇ ದ್ರಾವಣ. ಗುಲಾಬಿಯಾದ ಕಡೆ ಜೀವವಿದೆ, ಬಣ್ಣ ಬಾರದ ಕಡೆ ಇಲ್ಲ. ಇದೇ ಫಿನಾಲ್ಫ್ಥಲೀನು ಒಂದು ಕಾಲಕ್ಕೆ ಭೇದಿ ಮಾಡಿಸುವ ಔಷಧಿಯಾಗಿಯೂ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಮನೆಯ ಪರೀಕ್ಷೆಯ ಫಲಿತಾಂಶ ಕೇಳಿ ಯಜಮಾನರಿಗಾಗುವ ಪರಿಣಾಮ ಅದಕ್ಕಿಂತ ಬಹಳ ಭಿನ್ನವೇನಲ್ಲ.

ಕರಾವಳಿಯ ಕಥೆಯೇ ಬೇರೆ. ಅಲ್ಲಿ ಇಂಗಾಲದ ಡೈಆಕ್ಸೈಡಿಗೆ ಕಾಯುವ ಅಗತ್ಯವೇ ಇಲ್ಲ. ಗಾಳಿಯಲ್ಲಿ ತೇಲಿ ಬರುವ ಉಪ್ಪಿನ ಕ್ಲೋರೈಡು, ಕ್ಷಾರ ಗಟ್ಟಿಯಾಗಿರುವಾಗಲೇ ಕಂಬಿಯ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತುಕ್ಕು ಹಿಡಿಸುತ್ತದೆ. ಕುಂದಾಪುರದ ಕಡೆ, ಕಡಲಿಗೆ ಕಲ್ಲೆಸೆತದ ದೂರದಲ್ಲಿ ನನ್ನ ಅಕ್ಕನ ಮನೆ. ಹತ್ತಿರದಲ್ಲೇ ಮರಳು ಪುಕ್ಕಟೆ ಬಿದ್ದಿರುವಾಗ ಹೊಳೆಯ ಮರಳಿಗೆ ದುಡ್ಡೇಕೆ ಎಂದು ಹಿಂದೆ ಅಲ್ಲಿನ ಕೆಲವರು ಕಡಲ ಮರಳನ್ನೇ ಗಾರೆಗೆ ಕಲಸಿದ್ದರಂತೆ. ಉಪ್ಪು ಹೊರಗಿನಿಂದ ಬರುವ ಶ್ರಮವೂ ತಪ್ಪಿತು. ಅಕ್ಕನ ಮನೆಯದು ಹೊಳೆ ಮರಳೇ. ಭಾವನವರು ಹಿಂದೆಮುಂದೆ ನೋಡದೆ ಎಂಜಿನಿಯರ್ ಹೇಳಿದಂತೆ ಕವರ್ 45 ಮಿಲಿಮೀಟರ್ ಬಿಡಿಸಿದ್ದರು. ಊರವರು ‘ಇವರಿಗೆ ಸಿಮೆಂಟು ಹೆಚ್ಚಾಗಿದೆ’ ಎಂದು ಆಡಿಕೊಂಡರು. ಅವರ ಮನೆಯ ಕಿಟಕಿಯ ಸರಳು ಎರಡು ಸಲ ಬದಲಾಗಿದೆ, ಸಜ್ಜಾದ ಕೂದಲೂ ಇನ್ನೂ ಕೊಂಕಿಲ್ಲ.

ಆ ಅಕ್ಕನ ಮಗ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಕಡಲು ಬಿಟ್ಟು ಸಾವಿರಾರು ಮೈಲಿ ದೂರ ಹೋದರೂ ಉಪ್ಪು ಅವನನ್ನು ಬಿಡಲಿಲ್ಲ. ಅಲ್ಲಿ ಚಳಿಗಾಲಕ್ಕೆ ಹಿಮ ಕರಗಿಸಲೆಂದು ರಸ್ತೆಗೂ ಮನೆಯ ಮುಂದಿನ ಡ್ರೈವ್‌ವೇಗೂ ಉಪ್ಪು ಚೆಲ್ಲುತ್ತಾರೆ. ಕರಗಿದ ನೀರು ಕಾಂಕ್ರೀಟಿನ ಓಣಿಗಳಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಹೀಗೆ ಒಂದು ಚಳಿಗಾಲವಿಡೀ ಕರಗಿ ಹೆಪ್ಪಾಗಿ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. 1930ರ ದಶಕದಲ್ಲಿ ಅಮೆರಿಕದ ಕೆಲವು ರಸ್ತೆಗಳು ಮಾತ್ರ ಹಿಮಕ್ಕೆ ಜಗ್ಗದೆ ನಿಂತದ್ದು ಗಮನಕ್ಕೆ ಬಂತು. ವಿಚಾರಿಸಿದರೆ, ಆ ಸಿಮೆಂಟನ್ನು ಅರೆಯುವಾಗ ಅನುಕೂಲಕ್ಕೆಂದು ದನದ ಕೊಬ್ಬು ಬೆರೆಸಿದ್ದರು. ಕೊಬ್ಬು ಸೋಪಿನಂತೆ ನೊರೆಯೆಬ್ಬಿಸಿ ಕಾಂಕ್ರೀಟಿನ ತುಂಬ ಕಣ್ಣಿಗೆ ಕಾಣದ ಗಾಳಿಗುಳ್ಳೆ ಬಿಟ್ಟಿತ್ತು. ಹಿಗ್ಗುವ ಮಂಜಿಗೆ ಅದೇ ಅವಕಾಶ. ಈಗ ಅದಕ್ಕೆ ಬೇರೆ ರಾಸಾಯನಿಕಗಳಿವೆ. ಇದನ್ನು ನಾನು ಫೋನಿನಲ್ಲಿ ಹೇಳಿದಾಗ, ಈರುಳ್ಳಿಯನ್ನೂ ತಿನ್ನದ ನಮ್ಮ ಹುಡುಗ ಒಂದು ಕ್ಷಣ ಸುಮ್ಮನಾಗಿ, ‘ಮಾವ, ನಮ್ಮ ಡ್ರೈವ್‌ವೇ ಹೋದ ವರ್ಷ ಹಾಕಿಸಿದ್ದು, ಅದರಲ್ಲಿ ಇರಲಿಕ್ಕಿಲ್ಲ ಅಲ್ವಾ?’ ಎಂದ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ಹಾಕಬೇಡ, ಕಾಲು ಜಾರದಂತೆ ಮರಳು ಚೆಲ್ಲು, ಒಣ ದಿನ ನೋಡಿ ನೀರು ಹೀರದಂತೆ ಮಾಡುವ ಸಿಲೇನ್ ಸೀಲರ್ ಬಳಿ ಎಂದೆ. ನಮ್ಮ ಊರಿನಲ್ಲಿ ಹಿಮವಿಲ್ಲದಿರುವುದು ದೊಡ್ಡ ಪುಣ್ಯ. ಇದ್ದಿದ್ದರೆ ನಮ್ಮ ಮೇಸ್ತ್ರಿಗಳ ಕೈಚಳಕಕ್ಕೆ ಒಂದೇ ವರ್ಷದಲ್ಲಿ ಊರು ಹಂಚಿನ ಕಾಲಕ್ಕೆ ಮರಳುತ್ತಿತ್ತು.

ಕೆಟ್ಟದ್ದನ್ನು ಸರಿಪಡಿಸುವುದಿದೆಯಲ್ಲ, ಅದರಲ್ಲಿ ಕೌಶಲಕ್ಕಿಂತ ಧೈರ್ಯ ಹೆಚ್ಚು ಬೇಕು. ಅಂಗೈಯಗಲ ಬಿದ್ದ ಹಕ್ಕಳೆಗೆ ಅಂಗೈಯಗಲದ ತೇಪೆ ಹಾಕಿಸಬೇಕೆಂಬುದು ಎಲ್ಲರ ಆಸೆ. ಅರ್ಧ ಬಾಂಡ್ಲಿ ಗಾರೆ, ಸಂಜೆಯೊಳಗೆ ಬಣ್ಣ. ತುಕ್ಕಿನ ಮೇಲೆಯೇ ಕೂತ ಆ ತೇಪೆ ಎರಡು ಮಳೆಗಾಲಕ್ಕೆ ತನ್ನ ಅಕ್ಕಪಕ್ಕದವರನ್ನೂ ಕರೆದುಕೊಂಡು ಬೀಳುತ್ತದೆ. ತಿಳಿದವರು ಮೊದಲು ಸಣ್ಣ ಸುತ್ತಿಗೆ ಹಿಡಿದು ಕುಟ್ಟುತ್ತ ಕಿವಿಗೊಡುತ್ತಾರೆ. ಗಟ್ಟಿಯಿದ್ದಲ್ಲಿ ‘ಠಣ್’, ಒಳಗೆ ಬಿಟ್ಟುಕೊಂಡಲ್ಲಿ ‘ಡಬ್’. ಡಬ್ ಎಂದಷ್ಟನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಅಂಗೈಯಗಲದ್ದು ಚಾಪೆಯಗಲವಾಗಿರುತ್ತದೆ. ಯಜಮಾನರು ಸೀಮೆಸುಣ್ಣದವನನ್ನು ಅನುಮಾನದಿಂದ ನೋಡುವುದು ಆಗಲೇ.

ಆ ಗುರುತಿನ ಅಂಚನ್ನು ಕಟರಿನಿಂದ ನೇರವಾಗಿ ಕೊಯ್ಯಬೇಕು. ಇಳಿಜಾರಾಗಿ ತೆಳುವಾಗುತ್ತ ಹೋದ ತೇಪೆಯ ಅಂಚು ಎಂದೂ ನಿಲ್ಲುವುದಿಲ್ಲ. ಆಮೇಲೆ ಕಂಬಿಯ ಹಿಂದೆ ಬೆರಳು ಹೋಗುವಷ್ಟು ಕಾಂಕ್ರೀಟು ತೆಗೆಯಬೇಕು. ಜನ ಹಿಂಜರಿಯುವುದು ಇಲ್ಲೇ: ‘ಇದ್ದ ಗಟ್ಟಿಯನ್ನೂ ಒಡೀತಾರಲ್ಲಪ್ಪ!’ ಒಡೆಯದಿದ್ದರೆ ಕಂಬಿಯ ಬೆನ್ನಿನ ತುಕ್ಕು ಹಾಗೇ ಉಳಿಯುತ್ತದೆ. ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಕಾಲುಭಾಗ ಸವೆದಿದ್ದರೆ ಎಂಜಿನಿಯರಿಗೆ ತೋರಿಸಿ ಪಕ್ಕಕ್ಕೆ ಹೊಸ ಕಂಬಿ ಕಟ್ಟಿ, ಸತುವಿನ ಪ್ರೈಮರ್ ಬಳಿದು, ಹಳೆ ಕಾಂಕ್ರೀಟನ್ನು ತೊಳೆದು ನೆನೆಸಿ, ಮೇಲೆ ನೀರು ನಿಲ್ಲದಂತೆ ಒರೆಸಿ, ಲೇಟೆಕ್ಸ್ ಬೆರೆಸಿದ ಸಿಮೆಂಟಿನ ತಿಳಿ ಬಳಿದು, ಅದು ಒಣಗುವ ಮೊದಲೇ ಪಾಲಿಮರ್ ಗಾರೆಯನ್ನು ಪದರ ಪದರವಾಗಿ ಒತ್ತಬೇಕು. ಹೊಸದು ಹಳೆಯದಕ್ಕಿಂತ ಬಹಳ ಗಟ್ಟಿಯಾಗಿರಬೇಕೆಂಬ ಹಟವೂ ಒಳ್ಳೆಯದಲ್ಲ. ಸಿಮೆಂಟು ಹೆಚ್ಚಾದಷ್ಟೂ ಅದು ಕುಗ್ಗುವುದು ಹೆಚ್ಚು, ಕುಗ್ಗಿ ಹಳೆಯದರಿಂದ ಬಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ಮತ್ತೆ ಗೋಣಿತಾಟು, ಮತ್ತೆ ನೀರು. ಈ ಅಂದಾಜು ಪಟ್ಟಿ ಓದಿದ ಮನೆಯವರಲ್ಲಿ ಹೆಚ್ಚಿನವರು ಬಣ್ಣದ ಅಂಗಡಿಯ ಕಡೆ ಹೊರಟುಬಿಡುತ್ತಾರೆ.

ಅಷ್ಟು ದೂರ ಹೋಗದಂತೆ ತಡೆಯುವ ಉಪಾಯಗಳು ನಗು ಬರುವಷ್ಟು ಸಣ್ಣವು. ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಒಂದೂವರೆ ಇಂಚು ಒಳಗೆ ಬೆರಳಗಲದ ಒಂದು ತೋಡು ತೆಗೆದುಬಿಟ್ಟರೆ ನೀರು ಅಲ್ಲಿಗೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿದು ಗೋಡೆಗೆ ಹೋಗುವುದಿಲ್ಲ. ತಾರಸಿಗೆ ಸರಿಯಾದ ಇಳಿಜಾರು. ಮಳೆಗಾಲಕ್ಕೆ ಮುಂಚೆ ನೀರಿನ ಕೊಳವೆಯ ಬಾಯಲ್ಲಿ ಕೂತ ಮಾವಿನೆಲೆ, ಪಕ್ಕದ ಮನೆಯ ಮಕ್ಕಳ ಚೆಂಡು ತೆಗೆಯುವುದು. ಬಿರುಕು ಕೂದಲೆಳೆಯಷ್ಟಿರುವಾಗಲೇ ತುಂಬುವುದು.

ಬಿರುಕು ಬಿಟ್ಟರೆ ಅಲ್ಲಿಗೆ ತಪ್ಪದೆ ಬರುವ ಅತಿಥಿ ಅರಳಿಗಿಡ. ಹಕ್ಕಿ ತಿಂದು ಉದುರಿಸಿದ ಬೀಜ ಚೂರು ತೇವ ಸಿಕ್ಕರೆ ಸಾಕು, ಪ್ಯಾರಾಪೆಟ್ಟಿನ ಸಂದಿಯಲ್ಲಿ ಎರಡೆಲೆ ಬಿಟ್ಟು ತಳತಳಿಸುತ್ತದೆ. ಬೇರೆ ಯಾವ ಗಿಡವಾದರೂ ಕಿತ್ತೆಸೆಯಬಹುದು. ಅರಳಿಯನ್ನು ಕೀಳುವವರು ಯಾರು? ನಮ್ಮ ಎದುರು ಮನೆಯ ನಿವೃತ್ತ ಮೇಷ್ಟರು ವಿಚಾರವಾದಿಗಳು. ಆದರೆ ಅವರ ವಿಚಾರವಾದ ಪ್ಯಾರಾಪೆಟ್ಟಿನವರೆಗೆ ಹತ್ತಲಿಲ್ಲ. ‘ನನಗೇನೂ ನಂಬಿಕೆಯಿಲ್ಲ, ಮನೆಯಲ್ಲಿ ಬೇಜಾರು ಮಾಡ್ಕೋತಾರೆ’ ಎಂದರು. ಅವರ ಹೆಂಡತಿ, ‘ನನಗೇನಿಲ್ಲ, ಅವರಿಗೇ ಒಳಗೊಳಗೆ ಭಯ’ ಎಂದರು. ಗಿಡ ಈ ದಾಂಪತ್ಯ ಸೌಜನ್ಯದ ಲಾಭ ಪಡೆದು ತೋಳುದ್ದ ಬೆಳೆಯಿತು. ಬೇರು ಒಳಗೆ ಕಾಂಕ್ರೀಟನ್ನು ಸೀಳುತ್ತ ಹೋಗಿ ಮಹಡಿಯ ಕೋಣೆಯ ಮೂಲೆ ಒದ್ದೆಯಾಯಿತು. ಕೊನೆಗೆ ಅರ್ಚಕರನ್ನು ಕೇಳಿದ್ದಕ್ಕೆ, ಕಿತ್ತು ಎಸೆಯಬೇಡಿ, ಬೇರು ಸಮೇತ ತೆಗೆದು ದೇವಸ್ಥಾನದ ಹಿಂದೆ ನೆಡಿ ಎಂದರು. ಮೇಸ್ತ್ರಿ ಬಂದು ಪ್ಯಾರಾಪೆಟ್ಟು ಒಡೆದು ಗಿಡವನ್ನು ಜೋಪಾನವಾಗಿ ಬಿಡಿಸಿದ. ಬೇರಿನ ತುಣುಕೊಂದು ಉಳಿದರೂ ಮತ್ತೆ ಚಿಗುರುತ್ತದೆ, ಆದ್ದರಿಂದ ಅವನು ಅಲ್ಲಿ ಒಡೆದದ್ದೂ ಸ್ವಲ್ಪ ಉದಾರವಾಗಿಯೇ.

ದೇವಸ್ಥಾನದ ಹಿಂದೆ ಗಿಡ ಸೊಂಪಾಗಿ ಬಂತು. ಅದು ಎದೆಯೆತ್ತರವಾಗುತ್ತಿದ್ದಂತೆ ದಾನಿಗಳೊಬ್ಬರು ಅದಕ್ಕೆ ಸುತ್ತ ಕಾಂಕ್ರೀಟಿನ ಕಟ್ಟೆ ಕಟ್ಟಿಸಿ, ಗ್ರಾನೈಟಿನಲ್ಲಿ ತಮ್ಮ ತಂದೆತಾಯಿಯ ಹೆಸರು ಕೆತ್ತಿಸಿ ಕೂರಿಸಿದರು. ಕಟ್ಟೆ ಈಗ ನಾಲ್ಕೂ ಕಡೆ ಬಾಯಿ ಬಿಟ್ಟಿದೆ. ಸಮಿತಿಯ ಸಭೆಗೆ ಮೇಸ್ತ್ರಿಯನ್ನೂ ಕರೆದಿದ್ದರು. ‘ಮರದ ಬೇರಿಗೆ ಕಾಂಕ್ರೀಟು ಅಡ್ಡ ಬರಬಾರದು ಸಾರ್. ಇದನ್ನ ತೆಗೆದು ಗಾರೆಯಿಲ್ಲದೆ ಸೈಜುಗಲ್ಲು ಜೋಡಿಸಿ, ನಡುವೆ ಮಣ್ಣು ತುಂಬಿ’ ಎಂದು ಅವನು ಒಂದೇ ಮಾತಿನಲ್ಲಿ ಹೇಳಿದ. ತಲೆಮಾರುಗಳಿಂದ ಊರೂರಿನ ಅಶ್ವತ್ಥಕಟ್ಟೆಗಳು ಇದ್ದದ್ದೇ ಹಾಗೆ. ಆದರೆ ದಾನಿಗಳ ಮಗ ಎದ್ದು ನಿಂತು, ಗಾರೆಯಿಲ್ಲದಿದ್ದರೆ ಹೆಸರಿನ ಕಲ್ಲು ಯಾವುದಕ್ಕೆ ಅಂಟಿಸುವುದು ಎಂದು ಕೇಳಿದರು. ಬಹಳ ಹೊತ್ತಿನ ಚರ್ಚೆಯಾಗಿ, ಹೆಸರಿನ ಕಲ್ಲನ್ನು ದೇವಸ್ಥಾನದ ಪ್ರಾಕಾರದ ಗೋಡೆಗೆ ಕೂರಿಸುವುದೆಂದೂ ಕಟ್ಟೆಯ ವಿಷಯ ಮುಂದಿನ ಸಭೆಗೆ ಇಡುವುದೆಂದೂ ತೀರ್ಮಾನವಾಯಿತು.